ಗುಂಡಿನ ಬುಡ

ನಮ್ಮ ಮಾವನಷ್ಟು ಶುಚಿಯ ಮನುಷ್ಯನನ್ನು ನಾನು ಕಂಡಿಲ್ಲ. ಚಪ್ಪಲಿ ಬಿಟ್ಟರೆ ಎರಡೂ ಒಂದೇ ಗೆರೆಗೆ ನಿಲ್ಲಬೇಕು, ಲೋಟ ತೊಳೆದರೆ ಬೆಳಕಿಗೆ ಹಿಡಿದು ನೋಡಬೇಕು. ಮದುವೆಯಾಗಿ ಬಂದ ಹೊಸತರಲ್ಲಿ, ನಾನು ಗುಡಿಸಿ ಮುಗಿಸಿದ ಜಾಗವನ್ನೇ ಅವರು ಮತ್ತೊಮ್ಮೆ ಗುಡಿಸುವುದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಇಂಥ ಮನುಷ್ಯ ದಿನಾ ಸಂಜೆ ಮೈಮೇಲೆ ವಿಷ ಹೊತ್ತು ತಂದು ನನ್ನ ಮಗಳಿಗೆ ಉಣಿಸುತ್ತಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಹೇಳಿದ್ದು ರಕ್ತಪರೀಕ್ಷೆ. ಅದರ ಜೊತೆ ಜಗಳ ಆಡಲು ಬರುವುದಿಲ್ಲ.

ಮಾವನ ಕೆಲಸ ಸೈನ್ಯದವರು ಪಿಸ್ತೂಲು ಅಭ್ಯಾಸ ಮಾಡುವ ಶೆಡ್ಡಿನಲ್ಲಿ ಗುಡಿಸುವುದು. ಮೀಸೆ ಚಿಗುರುವಾಗ ಸೇರಿದವರು ಮೀಸೆ ಬೆಳ್ಳಗಾದರೂ ಅಲ್ಲೇ ಇದ್ದರು. ಕಿಟಕಿಯೇ ಇಲ್ಲದ ಉದ್ದನೆಯ ಶೆಡ್ಡು ಅದು. ಒಂದು ತುದಿಯಲ್ಲಿ ಹಲಗೆ ಅಡ್ಡಕಟ್ಟಿದ ಗೂಡುಗಳು, ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಸೈನಿಕ ನಿಂತು ಗುಂಡು ಹಾರಿಸುತ್ತಾನೆ. ಇನ್ನೊಂದು ತುದಿಯಲ್ಲಿ ಮರಳಿನ ಗೋಡೆ, ಗುಂಡುಗಳೆಲ್ಲ ಹೋಗಿ ಹುಗಿದುಕೊಳ್ಳುವುದು ಅಲ್ಲಿ. ಆ ತುದಿಗೆ ಮಾವ ಕಾಲಿಡುವಂತಿರಲಿಲ್ಲ, ಅದನ್ನು ಸೈನಿಕರೇ ಮುಖಕ್ಕೆ ಮುಸುಕು ಹಾಕಿಕೊಂಡು ಸೋಸುತ್ತಿದ್ದರು. ಗುಂಡು ಹಾರಿಸುವವರು ನಿಲ್ಲುವ ಈಚೆ ತುದಿ ಮಾವನ ರಾಜ್ಯ. ಒಂದು ತಂಡ ಮುಗಿಸಿ ಹೊರಗೆ ಹೋದರೆ ಸಾಕು, ಗುಂಡು ಹಾರಿದ ಮೇಲೆ ಉದುರಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ಡಬ್ಬಿಗೆ ತುಂಬಿ, ನೆಲದ ಮೇಲೆ ಕೂತ ಬೂದು ಧೂಳನ್ನು ಒಣ ಪೊರಕೆಯಲ್ಲಿ ಭರಭರನೆ ಗುಡಿಸಿ ಎತ್ತಿಬಿಡುತ್ತಿದ್ದರು. ನೀರು ಹಾಕಿ ಒರೆಸಿದರೆ ಸಿಮೆಂಟು ನೆಲ ಕರೆಗಟ್ಟುತ್ತದೆ ಎಂದು ಅವರ ಸಿದ್ಧಾಂತ. ಗೋಡೆಯ ಮೇಲೊಂದು ದೊಡ್ಡ ಫ್ಯಾನು ಇತ್ತಂತೆ, ಅದು ಹೊಗೆ ಎಳೆಯುವುದಕ್ಕಿಂತ ಗೊಣಗುವುದೇ ಹೆಚ್ಚು, ಹಾಗಾಗಿ ಅದನ್ನು ಆರಿಸಿಯೇ ಇಡುತ್ತಿದ್ದರಂತೆ.

ಸೈನಿಕರು ಅವರನ್ನು ಪೊರಕೆ ಮೇಜರ್ ಎಂದು ಕರೆಯುತ್ತಿದ್ದರು. ಹೊಸಬರು ಯಾರಾದರೂ ತಮಾಷೆಗೆ ಸಲ್ಯೂಟ್ ಹೊಡೆದರೆ ಮಾವ ಪೊರಕೆಯನ್ನು ಬಂದೂಕಿನಂತೆ ಭುಜಕ್ಕೆ ಏರಿಸಿ ವಾಪಸ್ ಸಲ್ಯೂಟ್ ಹೊಡೆಯುತ್ತಿದ್ದರು. ಗುಂಡು ಹಾರಿಸಲು ಕಲಿಸುವ ತರಬೇತುದಾರರು ಮಾತ್ರ ಅಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬರು ಬಂದು ಒಂದಷ್ಟು ತಿಂಗಳಿಗೆ ವರ್ಗವಾಗಿ ಹೋದರೆ ಇನ್ನೊಬ್ಬರು ಬರುವರು. ಮಾವ ಅವರನ್ನೆಲ್ಲ ಬಾಡಿಗೆ ಮೇಷ್ಟ್ರುಗಳು ಎಂದು ಅಣಕಿಸುವರು. ಈ ಗದ್ದಲ, ಈ ಹೊಗೆ ಅವರ ಕೈಲಿ ತಡೆಯಲಾಗುವುದಿಲ್ಲ, ತಾನೊಬ್ಬನೇ ಗಟ್ಟಿಪಿಂಡ ಎಂದು ಮನೆಗೆ ಬಂದು ಎದೆ ತಟ್ಟಿಕೊಳ್ಳುವರು. ನಾವೂ ನಗುತ್ತಿದ್ದೆವು.

ಅವರ ಬಾಳಿನ ದೊಡ್ಡ ದಿನ ಎಂದರೆ ಸಮಿತಿ ಬಂದ ದಿನ. ಅದು ನನ್ನ ಮದುವೆಗೂ ಹಿಂದಿನ ಮಾತು. ಸೈನ್ಯದ ಪಿಸ್ತೂಲಿಗೆ ಎಂಥ ಗುಂಡು ಹಾಕಬೇಕು ಎಂದು ತೀರ್ಮಾನಿಸಲು ದೊಡ್ಡ ದೊಡ್ಡ ಅಧಿಕಾರಿಗಳು ಆ ಶೆಡ್ಡಿಗೇ ಬಂದಿದ್ದರು. ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಮಾವ ಅವರು ಆಡಿದ ಒಂದೊಂದು ಮಾತನ್ನೂ ತಲೆಯಲ್ಲಿ ಇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಆ ಪಾಠವನ್ನು ನಮಗೆ ಒಪ್ಪಿಸದೆ ಬಿಡುತ್ತಿರಲಿಲ್ಲ. ಬರೀ ಸೀಸದ ಗುಂಡು ಒಂದು ಬಗೆ, ಅದು ಪಿಸ್ತೂಲಿನ ನಳಿಗೆಯಲ್ಲೇ ಸವೆದು ಅಂಟಿಕೊಳ್ಳುತ್ತದೆ. ಮೂತಿಯಲ್ಲಿ ಕುಳಿ ಇರುವುದು ಇನ್ನೊಂದು ಬಗೆ, ಮೈಯೊಳಗೆ ಹೊಕ್ಕ ಕೂಡಲೇ ಅದು ಬಿರಿದು ಅಗಲವಾಗಿ ಮಾಂಸವನ್ನೆಲ್ಲ ಹರಿದು ಅಲ್ಲೇ ನಿಂತುಬಿಡುತ್ತದೆ. ಪೊಲೀಸರು ಬೇಕಾದರೆ ಅದನ್ನು ಇಟ್ಟುಕೊಳ್ಳಲಿ, ಗುಂಡು ಆಚೆ ತೂರಿ ಹೋಗಿ ಹಿಂದೆ ನಿಂತವರಿಗೆ ಬಡಿಯುವುದಿಲ್ಲ. ಆದರೆ ಯುದ್ಧದಲ್ಲಿ ಅದು ಕೂಡದು ಎಂದು ದೇಶದೇಶಗಳು ಕೂತು ಎಂದೋ ಒಪ್ಪಂದ ಮಾಡಿಕೊಂಡಿವೆ. ಹಾಗಾಗಿ ಸಮಿತಿಯವರು ಆರಿಸಿದ್ದು ಮೂರನೆಯದನ್ನು, ಒಳಗೆ ಸೀಸ, ಹೊರಗೆ ತಾಮ್ರದ ಹೊದಿಕೆ.

“ನಮ್ಮ ಗುಂಡಿಗೆ ಮೈತುಂಬ ಅಂಗಿ ಇದೆ ಕಣಮ್ಮ,” ಎನ್ನುವರು ನನಗೆ. “ವೈರಿ ಆದ್ರೂ ಅವನೂ ಮನುಷ್ಯ ತಾನೇ. ನರಳಿ ನರಳಿ ಸಾಯಬಾರದು ಅಂತ ನಮ್ಮವರು ಯೋಚನೆ ಮಾಡಿದ್ದಾರೆ.”

ಕೊಲ್ಲುವುದರಲ್ಲಿ ಮರ್ಯಾದೆ ಬೇರೆ ಇದೆಯೇ ಎಂದು ನಾನು ಕುಟುಕುತ್ತಿದ್ದೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಗಾಜು ಒರೆಸುತ್ತಾ ಜನರ ಕಣ್ಣು ನೋಡುವವಳು, ಗುಂಡು ಗಿಂಡಿನ ಗೊಡವೆ ನನಗೇಕೆ. ಆದರೂ ಮಾವ ಆ ಮಾತು ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಒಳ್ಳೆಯವರ ಕೈಕೆಳಗೆ ದುಡಿಯುತ್ತಿದ್ದೇನೆ ಎಂಬ ಸಮಾಧಾನ ಅದು.

ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮಾವ, ನಾನು, ನನ್ನ ಮಗಳು. ನಮ್ಮವರು ಸಿಮೆಂಟು ಸಾಗಿಸುವ ಲಾರಿ ಓಡಿಸುತ್ತಾರೆ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾರೆ. ಮಗಳನ್ನು ಗುಬ್ಬಿ ಎಂದು ಕರೆಯುತ್ತೇವೆ, ಹುಟ್ಟಿದಾಗ ಅಷ್ಟೇ ಇದ್ದಳು. ಅವಳಿಗೆ ತಾತ ಎಂದರೆ ಪ್ರಾಣ. ಸಂಜೆ ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದರೆ ಕೈಲಿದ್ದದ್ದನ್ನು ಎಸೆದು ಓಡುವಳು. ಮಾವ ಬಟ್ಟೆ ಬದಲಿಸುವಷ್ಟು ಹೊತ್ತೂ ಮಗುವನ್ನು ಕಾಯಿಸಿದವರಲ್ಲ. ಹಾಗೇ ಎತ್ತಿಕೊಂಡು ಕುರ್ಚಿಯಲ್ಲಿ ಕೂರುವರು, ಅವಳು ಅವರ ಖಾಕಿ ಅಂಗಿಗೆ ಮೂತಿ ಒತ್ತಿ, ಅದರ ಗುಂಡಿ ಚೀಪುತ್ತಾ ಅಲ್ಲೇ ನಿದ್ದೆ ಹೋಗುವಳು. ನನಗೂ ಅಷ್ಟು ಹೊತ್ತು ಕೈ ಬಿಡುವಾಗುತ್ತಿತ್ತು, ಹಾಯಾಗಿ ಅಡುಗೆ ಮಾಡಿಕೊಳ್ಳುತ್ತಿದ್ದೆ.

ಮೂರು ತುಂಬುವ ಹೊತ್ತಿಗೆ ಗುಬ್ಬಿ ಬದಲಾದಳು. ಮೊದಲು ಊಟ ಬಿಟ್ಟಳು. ಆಮೇಲೆ ಹೊಟ್ಟೆನೋವು, ಕಕ್ಕಸಿಗೆ ಹೋಗಲು ಕಷ್ಟ, ಕಾರಣವಿಲ್ಲದ ಹಟ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅದೆಲ್ಲ ಮಕ್ಕಳಿಗೆ ಸಹಜ ಎಂದು ಪಕ್ಕದ ಮನೆಯವರು ಹೇಳಿದರು, ನಾನೂ ಜಂತುಹುಳುವಿನ ಔಷಧಿ ಕುಡಿಸಿದೆ. ಆಮೇಲೆ ಅವಳ ಮಾತೂ ಕಡಿಮೆಯಾಗತೊಡಗಿತು. ಪಟಪಟನೆ ಅರಳು ಹುರಿದಂತೆ ಮಾತಾಡುತ್ತಿದ್ದವಳು ಬೇಕಾದದ್ದನ್ನು ಬೆರಳಿಟ್ಟು ತೋರಿಸುವಳು. ಬೆಕ್ಕಿಗೆ ಬೆಕ್ಕು ಎನ್ನುವುದನ್ನೂ ಮರೆತಳು.

ಮಕ್ಕಳ ಡಾಕ್ಟರಮ್ಮ ರಕ್ತ ತೆಗೆಸಿದರು. ಫಲಿತಾಂಶ ಬಂದ ದಿನ ಅವರು ನಮ್ಮನ್ನು ಕೂರಿಸಿಕೊಂಡು, ಮಗುವಿನ ರಕ್ತದಲ್ಲಿ ಸೀಸ ಇದೆ, ಬಹಳ ಇದೆ, ಅದು ಮೆದುಳನ್ನು ತಿನ್ನುತ್ತದೆ ಎಂದರು. ಸೀಸ ಎಲ್ಲಿಂದ ಬರಬೇಕು? ಡಾಕ್ಟರಮ್ಮ ನಿಧಾನಕ್ಕೆ ಒಂದೊಂದೇ ಕೇಳುತ್ತಾ ಹೋದರು. ಕಿಟಕಿಗೆ ಹಳೆಯ ಬಣ್ಣ ಇದೆಯೇ, ನಲ್ಲಿಯ ಕೊಳವೆ ಯಾವುದು, ಆಟಿಕೆ ಎಂಥವು, ಮನೆಯಲ್ಲಿ ದೊಡ್ಡವರು ಏನು ಕೆಲಸ ಮಾಡುತ್ತಾರೆ. ಮಾವ ತಮ್ಮ ಕೆಲಸ ಹೇಳಿದ ಕೂಡಲೇ ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

ಮಾವ ನಕ್ಕರು. ತಿಳಿಯದವರಿಗೆ ತಿಳಿಸಿಹೇಳುವ ಆ ನಗು ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಸೀಸ ಹೊರಗೆ ಬರುವ ಮಾತೇ ಇಲ್ಲ, ಗುಂಡಿಗೆ ಪೂರ್ತಿ ತಾಮ್ರದ ಹೊದಿಕೆ, ಹೋಗಿ ಬೀಳುವುದೂ ಆಚೆ ತುದಿಗೆ, ತಾನು ಇರುವುದು ಈಚೆಗೆ ಎಂದು ವಿವರಿಸಿದರು. ಬೇಕಾದರೆ ಒಂದು ಗುಂಡನ್ನೇ ತಂದು ತೋರಿಸುತ್ತೇನೆ ಎಂದರು. ಡಾಕ್ಟರಮ್ಮ ವಾದ ಮಾಡಲಿಲ್ಲ. ಮನೆಯ ಧೂಳಿನ ಪರೀಕ್ಷೆ ಆಗಲಿ, ನೀವೂ ರಕ್ತ ಕೊಟ್ಟು ಹೋಗಿ ಎಂದಷ್ಟೇ ಹೇಳಿದರು.

ಮುಂದಿನ ದಿನಗಳಲ್ಲಿ ಮಾವ ಮನೆಯನ್ನೇ ಅಗೆದು ಹಾಕಿದರು. ಕೆಲಸದಿಂದ ಬಂದವರು ಖಾಕಿ ಅಂಗಿಯಲ್ಲೇ ಏಣಿ ಹತ್ತಿ ಕಿಟಕಿಯ ಬಣ್ಣ ಕೆರೆದರು. ನಲ್ಲಿ ಬದಲಿಸಿದರು. ಬಣ್ಣದ ಆಟಿಕೆಗಳನ್ನೆಲ್ಲ ಮೂಟೆ ಕಟ್ಟಿ ಬಿಸಾಡಿದರು. ನನ್ನ ಕಣ್ಣುಕಪ್ಪಿನ ಡಬ್ಬಿಯ ಮೇಲೂ ಅವರ ಅನುಮಾನ ಬಿತ್ತು, ಅದೂ ಹೋಯಿತು. ಮೊಮ್ಮಗಳ ರಕ್ತಕ್ಕೆ ವಿಷ ಹಾಕಿದ್ದು ಯಾವುದು ಎಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ, ಸುಸ್ತಾಗಿ ಕೂತು, ಗುಬ್ಬಿಯನ್ನು ಎತ್ತಿ ಎದೆಗೊರಗಿಸಿಕೊಳ್ಳುತ್ತಿದ್ದರು. ಈಗ ಅದನ್ನು ನೆನೆದರೆ ನನಗೆ ಕಿರುಚಬೇಕು ಅನಿಸುತ್ತದೆ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಮಾವ ಮಾತು ಉಳಿಸಿಕೊಂಡರು. ಶಸ್ತ್ರಾಗಾರದಲ್ಲಿ ಪಿಸ್ತೂಲು ರಿಪೇರಿ ಮಾಡುವವನನ್ನು ಕಾಡಿ ಬೇಡಿ, ತೋಟಾದ ಹಿತ್ತಾಳೆ ಕೋಶದಿಂದ ಗುಂಡನ್ನು ಇಕ್ಕಳದಲ್ಲಿ ಕೀಳಿಸಿ, ಕಾಗದದಲ್ಲಿ ಸುತ್ತಿ ತಂದಿದ್ದರು. ಕರವಸ್ತ್ರದಿಂದ ಒರೆಸಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಹೊಳೆಯುವ ತಾಮ್ರ, ದುಂಡನೆಯ ಮೂತಿ, ಎಲ್ಲೂ ಒಂದು ಬಿರುಕಿಲ್ಲ. ಎಷ್ಟು ವರ್ಷ ಅಲ್ಲಿ ದುಡಿದರೂ ಬಿಡಿ ಗುಂಡನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಗುಂಡಿನ ಕೆಳಗಿನ ಭಾಗ ಯಾವಾಗಲೂ ಹಿತ್ತಾಳೆ ಕೋಶದೊಳಗೆ ಮುಳುಗಿರುತ್ತದೆ, ಹಾರಿದ ಮೇಲೆ ಮರಳಿನೊಳಗೆ ಹೋಗುತ್ತದೆ. ಅವರು ನೋಡುವುದಾದರೂ ಹೇಗೆ.

“ನೋಡಿ ಡಾಕ್ಟ್ರೇ,” ಎಂದರು ಮಾವ, “ಮೈತುಂಬ ಅಂಗಿ.”

ಡಾಕ್ಟರಮ್ಮ ಅವರ ಮುಖವನ್ನು ನೋಡುತ್ತಿದ್ದರು. ಗುಂಡನ್ನು ಎತ್ತಿದವಳು ನಾನು. ಗಾಜು ಕೈಗೆ ಬಂದರೆ ತಿರುಗಿಸಿ ನೋಡುವುದು ನನಗೆ ಅಂಗಡಿಯಿಂದ ಬಂದ ಅಭ್ಯಾಸ. ತಿರುಗಿಸಿದೆ. ಬುಡದಲ್ಲಿ ತಾಮ್ರ ಇರಲಿಲ್ಲ. ಸುತ್ತಲೂ ತಾಮ್ರದ ಅಂಚು, ನಡುವೆ ಬೆತ್ತಲೆ ಬೂದು ಲೋಹ. ಮೇಜಿನ ಮೇಲಿದ್ದ ಕಾಗದಕ್ಕೆ ಅದನ್ನು ಒತ್ತಿ ಎಳೆದೆ. ಪೆನ್ಸಿಲಿನಿಂದ ಎಳೆದ ಹಾಗೆ ಕಪ್ಪು ಗೆರೆ ಬಿತ್ತು.

ಆಮೇಲೆ ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ತೋಟಾದೊಳಗಿನ ಸಿಡಿಮದ್ದು ಉರಿಯುವುದು ಗುಂಡಿನ ಬುಡಕ್ಕೇ. ಆ ಬೆಂಕಿಗೆ ಬುಡದ ಸೀಸ ಆವಿಯಾಗಿ ಹೊಗೆಯ ಜೊತೆ ಹೊರಗೆ ಬರುತ್ತದೆ. ತೋಟಾಕ್ಕೆ ಕಿಡಿ ಹೊತ್ತಿಸುವ ಹಿಂಬದಿಯ ಪುಟ್ಟ ಬಿಲ್ಲೆಯಲ್ಲೂ ಸೀಸ ಇರುತ್ತದೆ. ಎಲ್ಲ ಸೇರಿ ಬೂದು ಧೂಳಾಗಿ ಹಾರಿಸುವವನ ಕಾಲ ಬುಡದಲ್ಲೇ ಇಳಿಯುತ್ತದೆ. ಒಣ ಪೊರಕೆ ಆಡಿಸಿದರೆ ಅದು ಮೈಗೆಲ್ಲ ಅಡರುತ್ತದೆ. ನಮ್ಮ ಮನೆಯ ಧೂಳಿನಲ್ಲಿ ಸೀಸ ಹೆಚ್ಚಾಗಿ ಸಿಕ್ಕಿದ್ದು ಕಿಟಕಿಯಲ್ಲೂ ಅಲ್ಲ, ನಲ್ಲಿಯಲ್ಲೂ ಅಲ್ಲ, ಮಾವನ ಕುರ್ಚಿಯಲ್ಲಿ. ಅವರ ಸ್ವಂತ ರಕ್ತದ ಫಲಿತಾಂಶವೂ ಬಂದಿತ್ತು. ಅದು ಮಗುವಿನದ್ದರ ಎಷ್ಟೋ ಪಟ್ಟು. ನೀವು ಹೇಗೆ ಓಡಾಡುತ್ತಾ ಇದ್ದೀರಿ ಎಂದು ಡಾಕ್ಟರಮ್ಮ ಕೇಳಿದರು.

ಮಾವ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಗುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಬುಡ ನೋಡಿದರು, ಕಣ್ಣ ಹತ್ತಿರ ತಂದು ಮತ್ತೆ ನೋಡಿದರು. ಮೇಜಿನ ಮೇಲೆ ಇಟ್ಟರು. ಬೆರಳಿಗೆ ಹತ್ತಿದ ಕಪ್ಪನ್ನು ಖಾಕಿ ಅಂಗಿಗೆ ಒರೆಸಿಕೊಂಡರು. ಒರೆಸಿದ ಮೇಲೆ ಅಂಗಿಯನ್ನೇ ನೋಡುತ್ತಾ ನಿಂತರು. ಎದೆಯ ಮೇಲೆ, ಎರಡನೆಯ ಗುಂಡಿಯ ಹತ್ತಿರ, ಗುಬ್ಬಿ ಜೊಲ್ಲು ಸುರಿಸಿದ ಕಲೆ ಇತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಗುಬ್ಬಿ ಅವರ ಕಡೆ ಕೈ ಚಾಚಿದಳು. ನಾನು ಅವಳನ್ನು ಎಳೆದುಕೊಂಡು, “ಇನ್ಮೇಲೆ ಇವಳನ್ನ ಮುಟ್ಟಬೇಡಿ ಮಾವ,” ಎಂದುಬಿಟ್ಟೆ. ಸಿಟ್ಟಿನಿಂದಲೇ ಹೇಳಿದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಆಗ ನನಗೂ ಗೊತ್ತಿರಲಿಲ್ಲ. ಎದುರಿಗೆ ಇದ್ದವರು ಅವರು, ಅಷ್ಟೇ. “ಆಯ್ತಮ್ಮ,” ಎಂದರು ಮಾವ.

ಗುಬ್ಬಿಯನ್ನು ಆಸ್ಪತ್ರೆಗೆ ಸೇರಿಸಿ ಔಷಧಿ ಕೊಟ್ಟರು. ಹೋದ ಮಾತು ಬರಬಹುದು, ಒಂದಷ್ಟು ಬಾರದೆಯೂ ಇರಬಹುದು, ಕಾದು ನೋಡಬೇಕು ಎಂದರು. ನಾನು ರಜೆ ಹಾಕಿ ಮನೆಯ ಗೋಡೆ ನೆಲವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒರೆಸಿದೆ. ಕುರ್ಚಿಯನ್ನು ಹೊರಗೆ ಹಾಕಿದೆ. ಮಾವ ಕೆಲಸಕ್ಕೆ ಹೋಗುವುದು ಬಿಟ್ಟು, ಮೇಲಿನ ಮನೆಯವರ ಬಚ್ಚಲಲ್ಲಿ ಸ್ನಾನ ಮಾಡಿ, ಅವರ ಪಡಸಾಲೆಯಲ್ಲೇ ಮಲಗತೊಡಗಿದರು. ಊಟ ಕೊಡಲು ಹೋದರೆ ತಟ್ಟೆಯನ್ನು ನೆಲದ ಮೇಲೆ ಇಡು ಎನ್ನುವರು, ನನ್ನ ಕೈಗೂ ತಮ್ಮ ಕೈ ತಾಗದ ಹಾಗೆ.

ಕೊನೆಗೆ ನಾನೇ ಅವರನ್ನು ಎಬ್ಬಿಸಿಕೊಂಡು ಶೆಡ್ಡಿನ ಮುಖ್ಯಾಧಿಕಾರಿಯ ಹತ್ತಿರ ಹೋದೆ. ಒಳ್ಳೆಯ ಮಾತಿನ ಮನುಷ್ಯ. ನನಗೆ ಕುರ್ಚಿ ಹಾಕಿಸಿದರು, ನೀರು ತರಿಸಿದರು, ಮಗುವಿನ ವಿಷಯ ಕೇಳಿ ನಿಜವಾಗಿಯೂ ನೊಂದುಕೊಂಡರು. ಮಾವ ನಿಂತೇ ಇದ್ದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಪೊರಕೆಯಿಲ್ಲದೆ ನಿಂತದ್ದು ಅದೇ ಮೊದಲಿರಬೇಕು.

“ವೈರಿ ಕಡೆ ಇರೋ ಮೂತಿಗೆ ಅಂಗಿ ಹಾಕಿದ್ರಿ ಸರ್,” ಎಂದರು. “ಬುಡ ನಮ್ಮ ಕಡೆ ಇರುತ್ತೆ. ಅದನ್ನ ಯಾರೂ ನೋಡ್ಲಿಲ್ವಾ?”

ಅಧಿಕಾರಿ, “ಗೊತ್ತಿತ್ತು,” ಎಂದರು. “ಎಲ್ಲರಿಗೂ ಗೊತ್ತಿರೋದೇ. ಅದಕ್ಕೇ ತರಬೇತುದಾರರ ರಕ್ತ ಆಗಾಗ ಪರೀಕ್ಷೆ ಮಾಡಿಸ್ತೀವಿ. ಸೀಸ ಏರೋಕೆ ಶುರುವಾದ್ರೆ ವರ್ಗ ಮಾಡ್ತೀವಿ. ಆ ನಿಯಮ ಸೈನಿಕರಿಗೆ ಮಾತ್ರ. ನೀವು... ನಿಮ್ಮ ಹೆಸರು ಆ ಲೆಕ್ಕಕ್ಕೆ ಬರಲಿಲ್ಲ.”

ಜಗಳಕ್ಕೆ ಸಿದ್ಧಳಾಗಿ ಹೋದವಳು ನಾನು. ತಪ್ಪಾಗಿಲ್ಲ ಎಂದು ಅವರು ವಾದಿಸಿದ್ದರೆ ಹರಿದು ಹಾಕುತ್ತಿದ್ದೆ. ಅವರು ಗೊತ್ತಿತ್ತು ಎಂದುಬಿಟ್ಟರು. ಬಾಡಿಗೆ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಜೀವ ಉಳಿಸಿಕೊಂಡು ಹೋಗುತ್ತಿದ್ದರು, ನಮ್ಮ ಗಟ್ಟಿಪಿಂಡ ಅವರನ್ನು ಕಂಡು ನಗುತ್ತಿತ್ತು. ಅವರಲ್ಲಿ ಒಬ್ಬರಾದರೂ ಹೋಗುವಾಗ, ನೀನೂ ಇಲ್ಲಿ ಇರಬೇಡ ಮಾರಾಯ ಎಂದು ಒಂದು ಮಾತು ಹೇಳಲಿಲ್ಲ. ಹೇಳಬೇಕು ಎಂದು ಅವರಿಗೆ ತೋಚಿಯೇ ಇಲ್ಲ. ಇದನ್ನು ನಾನು ಇವತ್ತಿಗೂ ಅರಗಿಸಿಕೊಳ್ಳಲಾರೆ.

ಅಧಿಕಾರಿ ಸಮಾಧಾನ ಹೇಳಿದರು. ಸೀಸವೇ ಇಲ್ಲದ ಹೊಸ ಗುಂಡು ಬರುವುದೆಂದು ತೀರ್ಮಾನವಾಗಿದೆ, ಶೆಡ್ಡಿನೊಳಗಿನ ಅಭ್ಯಾಸಕ್ಕೆ ಇನ್ನು ಅದೇ. ಯಾವಾಗ ಎಂದು ನಾನು ಕೇಳಿದೆ. ಉಗ್ರಾಣದಲ್ಲಿ ಹಳೆಯ ಗುಂಡು ಬೇಕಾದಷ್ಟಿದೆ, ಅದು ಮುಗಿದ ಕೂಡಲೇ ಎಂದರು. ಬೇಗ ಮುಗಿಯಲಿ ಎಂದು ಅಭ್ಯಾಸವನ್ನೂ ಹೆಚ್ಚಿಸಿದ್ದಾರಂತೆ. ಮಾವನಿಗೆ ಹೂತೋಟದ ಕೆಲಸ ಕೊಡುವುದಾಗಿಯೂ, ಗುಡಿಸುವುದಕ್ಕೆ ಗುತ್ತಿಗೆಯಲ್ಲಿ ಬೇರೆ ಒಬ್ಬ ಹೆಂಗಸನ್ನು ಗೊತ್ತುಮಾಡಿರುವುದಾಗಿಯೂ ಹೇಳಿದರು. ಮಾವ ತಲೆಯಾಡಿಸಿ ಹೊರಗೆ ಬಂದರು.

ಮರುದಿನ ಬೆಳಿಗ್ಗೆ ಅವರು ತೋಟಕ್ಕೆ ಹೋಗಲಿಲ್ಲ, ಶೆಡ್ಡಿನ ಗೇಟಿನ ಹತ್ತಿರ ನಿಂತರು. ಹೊಸ ಹೆಂಗಸು ಒಣ ಪೊರಕೆ ಹಿಡಿದು ಬಂದಾಗ ಅಡ್ಡ ನಿಂತು, ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳಿದರಂತೆ. ಮೊಲೆ ಕುಡಿಯುವ ಕೂಸು ಇದೆ ಎಂದಳಂತೆ ಅವಳು. ಮಾವ ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳು ಸುಮ್ಮನೆ ಕೇಳಿ, ಮುದುಕನಿಗೆ ಕೆಲಸ ಹೋದ ಸಂಕಟ ಎಂದುಕೊಂಡು, ಪಕ್ಕಕ್ಕೆ ಸರಿದು ಒಳಗೆ ಹೋದಳು. ಮಾವ ಹಿಂದೆಯೇ ಹೋಗಿ ಅವಳ ಪೊರಕೆಯನ್ನು ಕಿತ್ತುಕೊಂಡು ಮುರಿದರು. ಜೀವಮಾನದಲ್ಲಿ ಒಬ್ಬರಿಗೂ ಎದುರಾಡದ ಮನುಷ್ಯ. ಕಾವಲಿನವರು ಬಂದು, ನಮ್ಮ ಪೊರಕೆ ಮೇಜರ್ ಅಲ್ಲವೇ ಎಂದು ಮೆತ್ತಗೆ ತೋಳು ಹಿಡಿದು ಹೊರಗೆ ಬಿಟ್ಟರು. ಅದಾದ ಮೇಲೆ ಅವಳಿಗೆ ಒದ್ದೆ ಒರೆಸುವ ಕೋಲು ಕೊಟ್ಟರೆಂದು ಶಸ್ತ್ರಾಗಾರದ ರಿಪೇರಿಯವನು ಬಂದು ಹೇಳಿದ. ರಕ್ತಪರೀಕ್ಷೆ ಮಾಡಿಸಿದರೇ ಎಂದು ಮಾವ ಕೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಾವನಿಗೂ ಚಿಕಿತ್ಸೆ ನಡೆಯಿತು. ಗುಬ್ಬಿಯ ರಕ್ತದಲ್ಲಿ ಸೀಸ ಇಳಿಯುತ್ತಾ ಬಂತು. ಮುಖಕ್ಕೆ ಬಣ್ಣ ಬಂತು, ಊಟಕ್ಕೆ ಹಟ ಮಾಡುವುದು ನಿಂತಿತು. ಮಾತು ಮಾತ್ರ ಸೋರುವ ನಲ್ಲಿಯ ಹಾಗೆ ಒಂದೊಂದೇ ಬರುತ್ತದೆ. ಖಾಕಿ ಬಟ್ಟೆಗಳನ್ನು ಮಾವ ಎಂದೋ ಸುಟ್ಟಿದ್ದರು. ಡಾಕ್ಟರಮ್ಮ ಅವರನ್ನೇ ಕರೆದು, ಇನ್ನು ಭಯವಿಲ್ಲ, ಮೈ ಶುಚಿಯಾಗಿದೆ, ಮಗುವನ್ನು ಎತ್ತಿಕೊಳ್ಳಿ, ಅವಳ ಜೊತೆ ಮಾತಾಡಿ, ಮಾತು ಮರಳಿ ಬರುವುದು ಹಾಗೆಯೇ ಎಂದು ಬಿಡಿಸಿ ಹೇಳಿದರು. ನಾನು ಮೇಲಿನ ಮನೆಯಿಂದ ಅವರ ಹಾಸಿಗೆಯನ್ನು ಕೆಳಗೆ ತಂದೆ.

ಅವತ್ತು ಮಧ್ಯಾಹ್ನ ಮಾವ ಸ್ನಾನ ಮಾಡಿ, ಮಡಿಕೆ ಬಿಚ್ಚಿದ ಬಿಳಿ ಅಂಗಿ ಹಾಕಿಕೊಂಡು ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಗುಬ್ಬಿ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಹೋಗಿ, ಯಾರನ್ನೂ ಕೇಳದೆ, ಅವರ ತೊಡೆ ಹತ್ತಿ ಕೂತು ಎದೆಗೆ ತಲೆ ಒರಗಿಸಿದಳು. ಮಾವ ಎರಡೂ ಕೈಗಳನ್ನು ತಲೆಗಿಂತ ಮೇಲೆ ಎತ್ತಿದರು, ಎದುರಿಗೆ ಯಾರೋ ಬಂದೂಕು ಹಿಡಿದು ನಿಂತಿರುವ ಹಾಗೆ.

“ಹಿಡ್ಕೊಳ್ಳಿ ಮಾವ,” ಎಂದೆ ನಾನು. “ನಾನೇ ಹೇಳ್ತಾ ಇದ್ದೀನಿ. ಏನೂ ಆಗಲ್ಲ, ಹಿಡ್ಕೊಳ್ಳಿ.”

ಗುಬ್ಬಿಗೆ ನಿದ್ದೆ ಹತ್ತಿತು. ಅವರ ಕೈ ಮಾತ್ರ ಕೆಳಗೆ ಬರಲಿಲ್ಲ.